ಓಡುವ ನಾಯಿಗೆ ನಿಲ್ಲುವ ಪಾಠ



ಬಾಗಲಕೋಟೆ ಜಿಲ್ಲೆಯ ಚಿಮ್ಮಡ, ಮುಧೋಳ, ಜಮಖಂಡಿ, ಬೀಳಗಿ ಕಡೆಯ ಹಳ್ಳಿಗಳಲ್ಲಿ ಓಡಾಡಿದರೆ ಒಂದು ಬಗೆಯ ನಾಯಿ ನಿಮ್ಮ ಕಣ್ಣಿಗೆ ಬೀಳಬಹುದು. ನೀಳವಾದ ಮೋರೆ, ಆಳವಾದ ಎದೆ, ಒಳಗೆ ಸರಿದ ಹೊಟ್ಟೆ, ಉದ್ದವಾದ ಕಾಲು. ನಿಂತಾಗ ಭುಜದವರೆಗೆ ಸುಮಾರು 70 ಸೆಂ.ಮೀ. ಎತ್ತರ. ಮೈಯಲ್ಲಿ ಮಾಂಸವೇ ಇಲ್ಲವೇನೋ ಎಂಬಂತೆ ತೆಳ್ಳಗೆ ಕಾಣುತ್ತದೆ. ಆದರೆ ಓಡಲು ತೊಡಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಲದ ಆಚೆ ಬದುವಿನಲ್ಲಿರುತ್ತದೆ. ಇದೇ ಮುಧೋಳ ಬೇಟೆನಾಯಿ.

ಈಗ ಇನ್ನೊಂದು ಚಿತ್ರವನ್ನು ಕಲ್ಪಿಸಿಕೊಳ್ಳಿ. ದೊಡ್ಡ ನಗರದ ಒಂದು ಮನೆಯವರು ಈ ತಳಿಯ ಹೆಸರು ಕೇಳಿ ಆಸೆಯಿಂದ ಮರಿಯೊಂದನ್ನು ತರಿಸುತ್ತಾರೆ. ಮೂರನೆಯ ಅಂತಸ್ತಿನ ಬಾಲ್ಕನಿಯಲ್ಲಿ ಅದನ್ನು ಕಟ್ಟುತ್ತಾರೆ. ಆರು ತಿಂಗಳು ಕಳೆಯುವುದರೊಳಗೆ ದೂರು ಶುರುವಾಗುತ್ತದೆ. ಕರೆದರೆ ಬರುವುದಿಲ್ಲ, ಬಿಟ್ಟರೆ ಓಡಿಹೋಗುತ್ತದೆ, ಹೊಸಬರನ್ನು ಕಂಡರೆ ಹೆದರಿ ಮೂಲೆ ಸೇರುತ್ತದೆ. ಕೊನೆಗೆ ಆ ನಾಯಿ ತರಬೇತುದಾರನ ಬಳಿಗೆ ಬರುತ್ತದೆ, ಇಲ್ಲವೇ ಬೀದಿ ಪಾಲಾಗುತ್ತದೆ.

ತಪ್ಪು ಯಾರದು? ನಾಯಿಯ ಬುದ್ಧಿ ಮಂದವೇ? ಅಥವಾ ಪಾಠ ಹೇಳಿಕೊಟ್ಟ ರೀತಿಯೇ ಸರಿಯಿಲ್ಲವೇ? ನಾಯಿ ತರಬೇತಿ ಎಂಬ ಕಸುಬನ್ನು ಅರಿಯಲು ಈ ಪ್ರಶ್ನೆಗಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ.

ಕೆಲಸ ಕಳೆದುಕೊಂಡ ನಾಯಿ

ಮುಧೋಳ ಸಂಸ್ಥಾನವನ್ನು ಆಳಿದ ಘೋರ್ಪಡೆ ಮನೆತನದ ಮಾಲೋಜಿರಾವ್ ಅವರು 20ನೆಯ ಶತಮಾನದ ಆರಂಭದಲ್ಲಿ ಈ ತಳಿಗೆ ಆಶ್ರಯ ಕೊಟ್ಟವರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿ ನಾಯಿಗಳನ್ನು ಅವರು ಕಾಣಿಕೆಯಾಗಿ ಕೊಟ್ಟರೆಂದು ಈ ತಳಿಯ ಕಥೆ ಹೇಳುವವರೆಲ್ಲ ನೆನೆಯುತ್ತಾರೆ. ಅರಮನೆಯ ಹೊರಗೆ ಈ ನಾಯಿಯನ್ನು ಉಳಿಸಿದವರು ರೈತರು ಮತ್ತು ಬೇಟೆಗಾರರು. ರೊಟ್ಟಿ, ಹಾಲು ಹಾಕಿ ಸಾಕಿದರು. ಮೊಲದ ಬೇಟೆಗೆ ಜೊತೆಗೆ ಕರೆದೊಯ್ದರು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಮೊಲದ ಬೇಟೆಯೂ ಅಪರಾಧವಾಯಿತು. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ಆಗಲೇಬೇಕಾಗಿದ್ದ ಕಾನೂನು. ಆದರೆ ತಲೆಮಾರುಗಳಿಂದ ಒಂದೇ ಕೆಲಸಕ್ಕೆ ಹದಗೊಂಡಿದ್ದ ನಾಯಿಗೆ ಆ ಕೆಲಸವೇ ಇಲ್ಲದಂತಾಯಿತು. ಮುಂದೆ 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಕೀರ್ತಿ ಬಂತು, ಮರಿಗಳಿಗೆ ಗಿರಾಕಿಗಳೂ ಬಂದರು. ಆದರೆ ಕೆಲಸವಿಲ್ಲದ ಓಟಗಾರನಿಗೆ ಹೊಸ ಬದುಕನ್ನು ಕಲಿಸುವವರು ಯಾರು? ತರಬೇತುದಾರನ ಕಸುಬಿನ ಮಹತ್ವ ಇಲ್ಲಿಂದ ತೊಡಗುತ್ತದೆ.

ಹುಟ್ಟುಗುಣದ ಲೆಕ್ಕ

ಬೇಟೆಯಾಡುವ ಪ್ರಾಣಿಯ ನಡವಳಿಕೆಯಲ್ಲಿ ಒಂದು ಸರಪಳಿಯಿದೆ: ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಮನುಷ್ಯನು ನಾಯಿಗಳನ್ನು ಆಯ್ದು ಆಯ್ದು ಬೆಳೆಸುವಾಗ ಈ ಸರಪಳಿಯ ಕೆಲವು ಕೊಂಡಿಗಳನ್ನು ಬಲಗೊಳಿಸಿದ, ಕೆಲವನ್ನು ಸಡಿಲಿಸಿದ. ಕುರಿಗಳನ್ನು ಒಟ್ಟುಗೂಡಿಸುವ ನಾಯಿ ನೋಡಿ, ಹೊಂಚಿ, ಅಟ್ಟುತ್ತದೆ, ಆದರೆ ಹಿಡಿಯಬಾರದು. ಲ್ಯಾಬ್ರಡಾರ್ ಹಿಡಿದು ತರಬೇಕು. ಆದರೆ ಕಚ್ಚಿ ಹರಿಯಬಾರದು. ಮುಧೋಳ ನಾಯಿ ದೂರದಲ್ಲಿ ಅಲುಗಾಡಿದ್ದನ್ನು ಕಣ್ಣಿನಿಂದ ಗುರುತಿಸಿ, ಒಡೆಯನ ಅಪ್ಪಣೆಗೆ ಕಾಯದೆ ಆ ಕ್ಷಣವೇ ನುಗ್ಗಬೇಕು. ಮೊಲ ಎಡಕ್ಕೆ ತಿರುಗಿತೆಂದು ಹೇಳಲು ಒಡೆಯ ಹತ್ತಿರದಲ್ಲಿರುವುದಿಲ್ಲ. ಆದ್ದರಿಂದ ತಾನೇ ನಿರ್ಧಾರ ತೆಗೆದುಕೊಳ್ಳುವ ನಾಯಿಯೇ ಒಳ್ಳೆಯ ಬೇಟೆನಾಯಿ.

ಈಗ ಯೋಚಿಸಿ. ನಗರದ ಮನೆಯವರು 'ಹಟಮಾರಿ' ಎಂದು ಬೈಯುವ ಗುಣ ಯಾವುದು? ಹಳ್ಳಿಯ ಬೇಟೆಗಾರ ಮೆಚ್ಚಿ ಬೆಳೆಸಿದ ಗುಣವೇ ಅದು!

ಹುಟ್ಟುಗುಣವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಮೆರಿಕದ ಬ್ರೆಲಂಡ್ ದಂಪತಿಗಳು ಪ್ರಾಣಿಗಳಿಗೆ ತರಬೇತಿ ಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದವರು. ರಕೂನ್ ಎಂಬ ಪ್ರಾಣಿಗೆ ನಾಣ್ಯಗಳನ್ನು ಎತ್ತಿ ಡಬ್ಬಿಯಲ್ಲಿ ಹಾಕುವುದನ್ನು ಅವರು ಕಲಿಸಹೊರಟರು. ಒಂದು ನಾಣ್ಯವಿದ್ದಾಗ ಅದು ಕಲಿಯಿತು. ಎರಡು ನಾಣ್ಯ ಕೊಟ್ಟಾಗ ಹಾಕುವುದನ್ನು ಬಿಟ್ಟು ಎರಡನ್ನೂ ಒಂದಕ್ಕೊಂದು ಉಜ್ಜುತ್ತಾ ಕುಳಿತಿತು. ತಿನ್ನುವ ವಸ್ತುವನ್ನು ಕೈಯಲ್ಲಿ ತಿಕ್ಕುವುದು ಅದರ ಹುಟ್ಟುಗುಣ. ಬಹುಮಾನ ಸಿಗದಿದ್ದರೂ ಅದು ಬಿಡಲಿಲ್ಲ. ಇಂಥ ಸೋಲುಗಳನ್ನು ಅವರು ಮುಚ್ಚಿಡದೆ 1961ರಲ್ಲಿ ಪ್ರಕಟಿಸಿದರು. ಪಾಠ ಹೇಳುವವನು ಮೊದಲು ವಿದ್ಯಾರ್ಥಿಯ ಸ್ವಭಾವವನ್ನು ಓದಬೇಕೆಂಬುದು ಆ ಬರಹದ ತಿರುಳು.

ಒಂದು ಕ್ಷಣದ ಬೆಲೆ

ಹಾಗಾದರೆ ನಾಯಿ ಕಲಿಯುವುದು ಹೇಗೆ? ಗಂಟೆಯ ಸದ್ದಿನಂಥ ಸೂಚನೆಯನ್ನು ಆಹಾರದೊಂದಿಗೆ ಜೋಡಿಸಿದರೆ ಮುಂದೆ ಆ ಸೂಚನೆಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ರಷ್ಯದ ಪಾವ್ಲೋವ್ ತೋರಿಸಿದ್ದನ್ನು ನೀವು ಪಠ್ಯಪುಸ್ತಕದಲ್ಲಿ ಓದಿರಬಹುದು. ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಇನ್ನೊಂದು ಮಾತನ್ನು ಹೇಳಿದರು: ಯಾವ ಕೆಲಸದ ಫಲ ಹಿತವಾಗಿರುವುದೋ ಆ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ. ತರಬೇತಿಯ ಶಾಸ್ತ್ರವೆಲ್ಲ ಈ ಎರಡು ಕಂಬಗಳ ಮೇಲೆ ನಿಂತಿದೆ.

ಶಾಸ್ತ್ರ ಸುಲಭ; ಕೈಗುಣ ಕಷ್ಟ. ನಿಮ್ಮ ನಾಯಿ ಹಗ್ಗ ಬಿಡಿಸಿಕೊಂಡು ಓಡಿತು ಎಂದುಕೊಳ್ಳಿ. ನೀವು 'ಬಾ, ಬಾ' ಎಂದು ಕೂಗಿದಿರಿ. ಹತ್ತು ನಿಮಿಷ ಅಲೆದು ಅದು ತಾನಾಗಿ ಬಂತು. ಸಿಟ್ಟಿನಿಂದ ಎರಡು ಏಟು ಕೊಟ್ಟಿರಿ. ಓಡಿಹೋದದ್ದಕ್ಕೆ ಶಿಕ್ಷೆ ಕೊಟ್ಟೆನೆಂದು ನಿಮ್ಮ ಲೆಕ್ಕ. ನಾಯಿಯ ಲೆಕ್ಕವೇ ಬೇರೆ. ಏಟಿಗೆ ಮುಂಚೆ ಅದು ಮಾಡಿದ ಕೊನೆಯ ಕೆಲಸ ಯಾವುದು? ನಿಮ್ಮ ಬಳಿಗೆ ಬಂದದ್ದು! ಕರೆದಾಗ ಬಂದರೆ ಪೆಟ್ಟು ಬೀಳುತ್ತದೆ ಎಂದು ನೀವೇ ಕಲಿಸಿದಿರಿ. ಬಹುಮಾನವಾಗಲಿ ಬೇಸರವಾಗಲಿ, ಕೆಲಸದ ಬೆನ್ನಲ್ಲೇ, ಒಂದೆರಡು ಸೆಕೆಂಡುಗಳೊಳಗೆ ಬಂದರೆ ಮಾತ್ರ ನಾಯಿಗೆ ಅರ್ಥವಾಗುತ್ತದೆ.

ಇನ್ನೊಂದು ಅಂಶ. ಅಂಗಳದಲ್ಲಿ 'ಕೂಡು' ಎಂದರೆ ಕೂಡುವ ನಾಯಿ ಸಂತೆಯಲ್ಲಿ ಕೂಡುವುದಿಲ್ಲ. ಅದು ಸೊಕ್ಕಲ್ಲ. ಜಾಗ ಬದಲಾದರೆ ನಾಯಿಯ ಪಾಲಿಗೆ ಪಾಠವೇ ಬದಲಾದಂತೆ. ಆದ್ದರಿಂದ ಬಲ್ಲ ತರಬೇತುದಾರ ಅದೇ ಪಾಠವನ್ನು ಮೊದಲು ಮನೆಯೊಳಗೆ, ಆಮೇಲೆ ಅಂಗಳದಲ್ಲಿ, ಅನಂತರ ಓಣಿಯಲ್ಲಿ, ಕೊನೆಗೆ ಜನಸಂದಣಿಯಲ್ಲಿ ಹೇಳಿಕೊಡುತ್ತಾನೆ. ಒಂದೊಂದು ಸಲಕ್ಕೆ ಐದು ನಿಮಿಷ ಸಾಕು; ದಿನಕ್ಕೆ ಮೂರು ನಾಲ್ಕು ಸಲ.

ಬೇಟೆನಾಯಿಗೆ ಕರೆದಾಗ ಬರುವುದನ್ನು ಕಲಿಸುವಾಗ ಅವನು ಉದ್ದನೆಯ ಹಗ್ಗ ಕಟ್ಟಿ, ಅಟ್ಟಲು ಏನೂ ಇಲ್ಲದ ಕಡೆ ಶುರುಮಾಡುತ್ತಾನೆ. ಬಂದೊಡನೆ ಬಟ್ಟೆಯ ತುಂಡೊಂದನ್ನು ನೆಲದ ಮೇಲೆ ಎಳೆದು ಅದನ್ನು ಅಟ್ಟಲು ಬಿಡುತ್ತಾನೆ. ಓಟವೇ ಅದಕ್ಕೆ ಬಹುಮಾನ! ಹುಟ್ಟುಗುಣದೊಂದಿಗೆ ಜಗಳವಾಡದೆ ಅದನ್ನೇ ಸಂಬಳವಾಗಿ ಕೊಡುವ ಜಾಣ್ಮೆ ಇದು.

ಹೊಡೆತದ ಪಾಠಶಾಲೆ

ಹಿಂದೆ ಹೀಗಿರಲಿಲ್ಲ. ಜರ್ಮನಿಯ ಕೊನ್ರಾಡ್ ಮೋಸ್ಟ್ ಎಂಬವರು 1910ರಲ್ಲಿ ನಾಯಿ ತರಬೇತಿಯ ಪುಸ್ತಕ ಬರೆದರು. ಪೊಲೀಸು ಮತ್ತು ಸೈನ್ಯದ ನಾಯಿಗಳ ತರಬೇತಿಗೆ ಅದು ಬಹುಕಾಲ ದಾರಿ ತೋರಿತು. ಬಹುಮಾನದ ಬೆಲೆಯನ್ನು ಅವರು ಬಲ್ಲವರಾಗಿದ್ದರೂ ಬಲವಂತಕ್ಕೆ ಅವರ ಪದ್ಧತಿಯಲ್ಲಿ ದೊಡ್ಡ ಸ್ಥಾನವಿತ್ತು. 1947ರಲ್ಲಿ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ, ಅವು ಮೇಲಾಟಕ್ಕಾಗಿ ಕಾದಾಡುತ್ತವೆ ಎಂದು ಬರೆದರು. 'ನಾಯಿಯೂ ತೋಳದ ವಂಶ, ನಾವು ಅದನ್ನು ಅಡಗಿಸಿ ಆಳಬೇಕು' ಎಂಬ ನಂಬಿಕೆ ಬೇರೂರಿತು.

ಆದರೆ ತೋಳಗಳ ಅಧ್ಯಯನದಲ್ಲೇ ಬಾಳು ಸವೆಸಿದ ಡೇವಿಡ್ ಮೆಕ್ 1999ರಲ್ಲಿ ಬೇರೆಯೇ ಚಿತ್ರ ಕೊಟ್ಟರು. ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ಒಂದು ಸಂಸಾರ. ಅಪ್ಪ, ಅಮ್ಮ ಮತ್ತು ಮಕ್ಕಳು. ಅಲ್ಲಿ ದಾರಿ ತೋರುವವರು ಹೆತ್ತವರು. ಗುರುತು ಪರಿಚಯವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ತುಂಬಿದಾಗ ಕಂಡ ಜಗಳವನ್ನು ನಾವು ಇಡೀ ಜಾತಿಯ ನಿಯಮವೆಂದು ತಿಳಿದಿದ್ದೆವು.

ಕಾನೂನೂ ಬದಲಾಗುತ್ತಿದೆ. ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಯನ್ನು ಬ್ರಿಟನ್ನಿನ ವೇಲ್ಸ್ ಪ್ರಾಂತ 2010ರಲ್ಲೇ ನಿಷೇಧಿಸಿತು. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯನ್ನು ಓದಿ ನೋಡಿ. ಪ್ರಾಣಿಯನ್ನು ಹೊಡೆದು ನೋಯಿಸುವುದು ಮಾತ್ರವಲ್ಲ, ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದೂ ಅದರ 11ನೆಯ ಕಲಮಿನಂತೆ ಅಪರಾಧ. ಬಾಲ್ಕನಿಯ ಆ ನಾಯಿಯನ್ನು ಇಲ್ಲಿ ನೆನೆಯಿರಿ.

ಮೊದಲ ಗುರು

ತರಬೇತಿ ಯಾವಾಗ ಶುರುವಾಗಬೇಕು? ಮರಿಯನ್ನು ಕೊಂಡ ದಿನ ಎಂದು ಹಲವರ ಉತ್ತರ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಾನುಗಟ್ಟಲೆ ಮರಿಗಳನ್ನು ಅಭ್ಯಾಸ ಮಾಡಿ 1965ರಲ್ಲಿ ಬರೆದ ಪುಸ್ತಕದ ಉತ್ತರ ಬೇರೆ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆಗ ಕಂಡ ಜನ, ಪ್ರಾಣಿ, ಸದ್ದುಗಳನ್ನು ಅದು ತನ್ನ ಲೋಕದ ಭಾಗವೆಂದು ಒಪ್ಪಿಕೊಳ್ಳುತ್ತದೆ. ಆ ಅವಧಿಯಲ್ಲಿ ಕಾಣದ್ದಕ್ಕೆಲ್ಲ ಮುಂದೆ ಸುಲಭವಾಗಿ ಹೆದರುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡಿ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅಂದರೆ ಈ ಬೆಲೆಬಾಳುವ ಒಂಬತ್ತು ವಾರಗಳಲ್ಲಿ ಐದು ವಾರ ಮರಿ ಇರುವುದು ಸಾಕುವವರ ಅಂಗಳದಲ್ಲಿ! ಮರಿ ಎತ್ತುಗಳ ನಡುವೆ, ಮಕ್ಕಳ ಕೈಯಲ್ಲಿ, ಟ್ರ್ಯಾಕ್ಟರಿನ ಸದ್ದು, ಮಗ್ಗದ ಸದ್ದು ಕೇಳುತ್ತಾ ಬೆಳೆದರೆ ಅದು ಧೈರ್ಯದ ನಾಯಿಯಾಗುತ್ತದೆ. ಹೊರಗಿನವರನ್ನೇ ಕಾಣದೆ ತಗಡಿನ ಗೂಡಿನಲ್ಲಿ ಬೆಳೆದರೆ ಅಂಜುಬುರುಕ ನಾಯಿಯಾಗುತ್ತದೆ. ಅದನ್ನು ಸರಿಪಡಿಸುವುದು ಬಲು ಕಷ್ಟ. ನಾಯಿಯ ಮೊದಲ ಗುರು ನಗರದ ತರಬೇತುದಾರನಲ್ಲ, ಚಿಮ್ಮಡದಂಥ ಊರಿನಲ್ಲಿ ಮರಿ ಸಾಕುವ ಅಕ್ಕ, ಅಣ್ಣ, ಅವರ ಮಕ್ಕಳು.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ತಳಿಯ ಶುದ್ಧತೆಯ ಮಾತು ಅಲ್ಲಿ ನಡೆಯುತ್ತದೆ. ಶುದ್ಧತೆಯಷ್ಟೇ ಮುಖ್ಯವಾದದ್ದು ಈ ಐದು ವಾರಗಳ ಪಾಲನೆ.

ಕಣ್ಣಿನ ನಾಯಿ ಮೂಗಿನಿಂದ ಗೆದ್ದಾಗ

ಹುಟ್ಟುಗುಣವೇ ಎಲ್ಲ ಎಂದು ನೀವು ತಿಳಿದರೆ ಅದೂ ತಪ್ಪು. ಮುಧೋಳ ನಾಯಿಗಳನ್ನು 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಕಳುಹಿಸಲಾಯಿತು. ಗಡಿ ಭದ್ರತಾ ಪಡೆಯೂ ಮಧ್ಯಪ್ರದೇಶದ ಟೇಕನ್‌ಪುರದಲ್ಲಿರುವ ತನ್ನ ಶಾಲೆಯಲ್ಲಿ ಈ ತಳಿಗೆ ಪಾಠ ಹೇಳಿತು. ಆ ಪಡೆಯ ರಿಯಾ ಎಂಬ ಮುಧೋಳ ನಾಯಿ 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ವಿದೇಶಿ ತಳಿಯ 116 ನಾಯಿಗಳನ್ನು ಹಿಂದೆ ಹಾಕಿ ಜಾಡು ಹಿಡಿಯುವ ವಿಭಾಗದ ಪ್ರಶಸ್ತಿಯನ್ನೂ ಕೂಟದ ಶ್ರೇಷ್ಠ ನಾಯಿ ಎಂಬ ಗೌರವವನ್ನೂ ಪಡೆಯಿತು.

ಜಾಡು ಹಿಡಿಯುವುದು ಮೂಗಿನ ಕೆಲಸ. ಕಣ್ಣಿನ ನಾಯಿಯೆಂದು ಹೆಸರಾದ ತಳಿ ಮೂಗಿನ ಕೆಲಸದಲ್ಲಿ ಗೆದ್ದಿತು! ಹುಟ್ಟುಗುಣವು ಪಾಠ ಎಲ್ಲಿಂದ ಶುರುವಾಗಬೇಕೆಂದು ಹೇಳುತ್ತದೆ. ಎಲ್ಲಿಯವರೆಗೆ ಹೋಗಬಹುದೆಂಬುದನ್ನು ತಾಳ್ಮೆಯ ಪಾಠ ತೀರ್ಮಾನಿಸುತ್ತದೆ. ಬಾಲ್ಕನಿಯ ನಾಯಿ ಮತ್ತು ರಿಯಾ ಒಂದೇ ತಳಿಯವು ಎಂಬುದನ್ನು ಮರೆಯಬೇಡಿ.

ಕಸುಬೂ ವ್ಯಾಪಾರವೂ

ನಗರಗಳಲ್ಲಿ ನಾಯಿ ತರಬೇತಿ ಇಂದು ದೊಡ್ಡ ವ್ಯಾಪಾರ. ಮರಿ ಸಾಕಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕೆಂಬ ನಿಯಮವಿದೆ. ಆದರೆ ತರಬೇತುದಾರನೆಂದು ಫಲಕ ಹಾಕಿಕೊಳ್ಳಲು ಅಂಥ ಕಟ್ಟುನಿಟ್ಟಿಲ್ಲ. ಬಲ್ಲವರೂ ಇದ್ದಾರೆ, ಬಾಯಿಬಡುಕರೂ ಇದ್ದಾರೆ. 'ನಾಯಿಯನ್ನು ನಮ್ಮಲ್ಲಿ ಬಿಟ್ಟುಹೋಗಿ, ಎರಡು ತಿಂಗಳಲ್ಲಿ ಎಲ್ಲ ಕಲಿಸಿ ಕೊಡುತ್ತೇವೆ' ಎಂಬ ಮಾತನ್ನು ಕೇಳಿದಾಗ ಅಂಗಳ ಮತ್ತು ಸಂತೆಯ ಪಾಠವನ್ನು ನೆನೆಯಿರಿ. ಅಲ್ಲಿ ಕಲಿತದ್ದನ್ನು ಮನೆಯಲ್ಲಿ ಮನೆಯವರೇ ಮುಂದುವರಿಸದಿದ್ದರೆ ಕೊಟ್ಟ ಹಣ ನೀರಿನಲ್ಲಿ ಹೋಮ. ತರಬೇತುದಾರನ ದೊಡ್ಡ ವಿದ್ಯಾರ್ಥಿ ನಾಯಿಯಲ್ಲ, ಅದರ ಒಡೆಯ.

ನಿಮ್ಮಲ್ಲಿ ಯಾರಿಗಾದರೂ ಈ ಕಸುಬಿನಲ್ಲಿ ಆಸಕ್ತಿಯಿದ್ದರೆ ಜೀವಶಾಸ್ತ್ರವನ್ನೂ ಮನಶ್ಶಾಸ್ತ್ರವನ್ನೂ ಮನಗೊಟ್ಟು ಓದಿ. ನಾಯಿಯ ಕಿವಿ, ಬಾಲ, ಉಸಿರು ಏನು ಹೇಳುತ್ತವೆ ಎಂದು ದಿನವೂ ಗಮನಿಸಿ ಪುಸ್ತಕದಲ್ಲಿ ಬರೆದಿಡಿ. ಸಾಕಿದ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸಿ. ಬರೀ ಮರಿ ಮಾರುವ ಊರಿಗೂ ಧೈರ್ಯವಂತ, ಮಾತು ತಿಳಿಯುವ ನಾಯಿಗಳನ್ನು ಬೆಳೆಸಿಕೊಡುವ ಊರಿಗೂ ಸಿಗುವ ಬೆಲೆ ಮತ್ತು ಮರ್ಯಾದೆ ಬೇರೆ ಬೇರೆ. ಮುಧೋಳ ಸೀಮೆಯ ತರುಣರ ಕೈಯಲ್ಲಿ ಆ ಅವಕಾಶವಿದೆ.

ಯೋಚಿಸಿ ನೋಡಿ

1. ನಿಮ್ಮ ಓಣಿಯ ಒಂದು ನಾಯಿಯನ್ನು ದೂರದಿಂದ ಒಂದು ವಾರ ಗಮನಿಸಿ. ನೋಡುವುದರಿಂದ ಹಿಡಿಯುವವರೆಗಿನ ಸರಪಳಿಯಲ್ಲಿ ಯಾವ ಕೊಂಡಿಗಳು ಅದರಲ್ಲಿ ಎದ್ದು ಕಾಣುತ್ತವೆ?

2. ಹೊಡೆದರೆ ನಾಯಿ ತಕ್ಷಣ ಸುಮ್ಮನಾಗುತ್ತದೆ. ಹಾಗಿದ್ದರೂ ಅದು ಕಲಿತಿದೆ ಎನ್ನಲಾಗದು. ಏಕೆ?

3. ನಿಮ್ಮ ಮನೆಯಲ್ಲಿ ಮರಿಗಳು ಹುಟ್ಟಿದರೆ, ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ ಅವುಗಳಿಗೆ ಏನೇನು ಪರಿಚಯಿಸುವಿರಿ? ಒಂದು ಪಟ್ಟಿ ಮಾಡಿ.