ಬಡಿಗೇರರ ಹೊಸ ಹತ್ಯಾರ

ಗದಗ-ಬೆಟಗೇರಿಯ ತ್ರಿಕೂಟೇಶ್ವರನ ಆವರಣದಲ್ಲಿರುವ ಸರಸ್ವತಿಯ ಗುಡಿಯ ಮುಂದೆ ನಿಂತು ಅಲ್ಲಿಯ ಕಂಬಗಳನ್ನು ದಿಟ್ಟಿಸುವವರಿಗೆ, ತಿರುಗಣಿಗೆ ಏರಿಸಿ ಕಡೆದಂತೆ ಒಂದರ ಮೇಲೊಂದು ಕುಳಿತಿರುವ ದುಂಡುಬಳೆಗಳನ್ನೂ ಅವುಗಳ ಚೂಪಾದ ಅಂಚುಗಳನ್ನೂ ಕಂಡಾಗ, ತೊಟ್ಟಿಲಿನ ಕಾಲನ್ನು ಕಡೆಯುವ ಮರಗೆಲಸದ ವಿದ್ಯೆಯೇ ಇಲ್ಲಿ ಕಲ್ಲನ್ನು ಪ್ರವೇಶಿಸಿತೋ ಎಂಬ ಭಾವನೆ ಹುಟ್ಟದೆ ಇರದು. ಕಲ್ಯಾಣ ಚಾಲುಕ್ಯರ ಕಾಲದ ಆ ಕುಶಲಿಗಳು ತಿರುಗುವ ಯಂತ್ರದ ನೆರವನ್ನು ಪಡೆದರೆ ತಮ್ಮ ಕೈಯ ಘನತೆ ಕುಗ್ಗೀತೆಂದು ಅಂಜಿದವರಂತೆ ತೋರುವುದಿಲ್ಲ. ಕೃತಕ ಬುದ್ಧಿಮತ್ತೆಯೆಂಬ ಹೊಸ ಸಾಧನವು ಬಡಿಗೇರರ ಕೆಲಸದ ಜಾಗದ ಹೊಸ್ತಿಲಿಗೆ ಬಂದು ನಿಂತಿರುವ ಈ ಕಾಲದಲ್ಲಿ ನನಗೆ ಮೊದಲು ನೆನಪಾಗುವುವು ಆ ಕಂಬಗಳೇ.

ಈ ಸೀಮೆಯಲ್ಲಿ ಬಡಿಗೇರ ಎಂಬುದು ವೃತ್ತಿಯ ಹೆಸರೂ ಹೌದು, ಮನೆತನದ ಅಡ್ಡಹೆಸರೂ ಹೌದು. ರಾಶಿಯ ಕಾಲಕ್ಕೆ ಕಣದಲ್ಲಿ ಕಾಳಿನ ರೂಪದ ಆಯವನ್ನು ಪಡೆದು, ವರ್ಷವಿಡೀ ಊರಿನ ರಂಟೆ, ಕುಂಟೆ, ನೊಗ, ಚಕ್ಕಡಿಗಳನ್ನು ಸುಸ್ಥಿತಿಯಲ್ಲಿಡುತ್ತಿದ್ದವರು ಇವರ ಹಿರಿಯರು. ಅವರ ಜಾಣ್ಮೆಯನ್ನು ಒಂದೇ ವಸ್ತುವಿನಲ್ಲಿ ಕಾಣಬೇಕೆಂದರೆ ನಾನು ತೋರಿಸುವುದು ಬೀಜ ಬಿತ್ತುವ ಕೂರಿಗೆಯನ್ನು. ಮೇಲೊಂದು ಬಟ್ಟಲು, ಅದರ ತೂತುಗಳಿಂದ ಇಳಿಯುವ ಬಿದಿರಿನ ಕೊಳವೆಗಳು, ಕೆಳಗೆ ದಿಂಡಿಗೆ ನಾಟಿದ ತಾಳುಗಳು: ನೋಡಲು ಇಷ್ಟೇ. ಆದರೆ ಜೋಳಕ್ಕೆ ಸಾಲಿನಿಂದ ಸಾಲಿಗೆ 18 ಅಂಗುಲ, ಕಡಲೆಗೆ 12 ಅಂಗುಲ. ತಾಳು ತುಸು ಹೆಚ್ಚು ಮುಂದಕ್ಕೆ ಬಾಗಿದರೆ ಬೀಜ ಆಳಕ್ಕೆ ಹೋಗಿ ಮೊಳಕೆಯೇ ಏಳದು, ತುಸು ನೆಟ್ಟಗಾದರೆ ಹಸಿ ಮುಟ್ಟದೆ ಮೇಲೆಯೇ ಉಳಿದು ಹಕ್ಕಿಯ ಪಾಲಾದೀತು. ಗದುಗಿನ ಎರೆಹೊಲಕ್ಕೆ ಹೊಂದುವ ವಾಟ ಕಪ್ಪತಗುಡ್ಡದ ಕಡೆಯ ಮಸಾರಿಗೆ ಹೊಂದುವುದಿಲ್ಲ. 1795ರಲ್ಲಿ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಆಂಗ್ಲ ಅಧಿಕಾರಿ ದಕ್ಷಿಣ ಭಾರತದ ಕೂರಿಗೆಯನ್ನು ಕಂಡು, ಇದು ಯುರೋಪಿನ ಹೊಸ ಶೋಧವೆಂದು ತಾನು ಅದುವರೆಗೆ ತಿಳಿದಿದ್ದುದಾಗಿ ಬರೆದನು. ತಾಳಿನ ಬಾಗುವಿಕೆಯ ಲೆಕ್ಕವು ಬಡಿಗೇರನ ಕಣ್ಣಿನಲ್ಲಿಯೂ ಮೊಣಕೈಯಲ್ಲಿಯೂ ಇದ್ದಿತಲ್ಲದೆ ಕಾಗದದ ಮೇಲೆ ಇರಲಿಲ್ಲ.

ಇಂಥ ಲೆಕ್ಕದ ಮುಂದೆ ಕೃತಕ ಬುದ್ಧಿಮತ್ತೆಯೆಂಬ ಈಗಿನ ಸಾಧನ ಮಾಡಬಲ್ಲುದೇನು? ಹಳೆಯ ಬಾಗಿಲವಾಡದ ಮೇಲಿನ ಬಳ್ಳಿಯನ್ನೋ ಹಂಸವನ್ನೋ ಮೊಬೈಲಿನಲ್ಲಿ ಫೋಟೋ ತೆಗೆದು ಒಪ್ಪಿಸಿದರೆ, ನೆರಳು-ಬೆಳಕಿನ ವ್ಯತ್ಯಾಸದಿಂದ ಉಬ್ಬು-ತಗ್ಗುಗಳನ್ನು ಊಹಿಸಿ ಅದು ನಕ್ಷೆಯನ್ನು ರಚಿಸಿಕೊಡುವುದು. ಆ ನಕ್ಷೆಯನ್ನನುಸರಿಸಿ, ಗಣಕದ ಆಜ್ಞೆಯಂತೆ ನಡೆಯುವ ಸಿಎನ್‌ಸಿ ಯಂತ್ರದ ಮೊನೆ ಹಲಗೆಯನ್ನು ಕೊರೆಯುವುದು. ಎಷ್ಟು ಘನ ಅಡಿ ಮರ ಬೇಕು, ಹಲಗೆಯನ್ನು ಹೇಗೆ ಸೀಳಿದರೆ ಚೂರು ಕಡಿಮೆ ಉಳಿಯುವುದು ಎಂಬ ಲೆಕ್ಕಕ್ಕೂ ಅದು ಒದಗುವುದು. ಆದರೆ ಹಳೆಯ ಎಣ್ಣೆಯ ಕಲೆಯನ್ನು ಅದು ತಗ್ಗೆಂದು ಭ್ರಮಿಸುವುದುಂಟು. ಇನ್ನೂ ಮುಖ್ಯವಾದುದು ಮರದ ಎಳೆ. ಗಂಟಿನ ಸುತ್ತ ಎಳೆಯು ದಿಕ್ಕು ಬದಲಿಸುವಲ್ಲಿ ಯಂತ್ರದ ಮೊನೆಯು ನಾರನ್ನು ಕಿತ್ತು ಹಾಕುವುದು. ಉಳಿ ಹಿಡಿದವನಾದರೋ ಕೊಡತಿಯ ಸದ್ದು ಬದಲಾದೊಡನೆಯೇ ಕೈ ತಡೆದು, ಹಲಗೆಯನ್ನು ತಿರುಗಿಸಿಟ್ಟು, ಎದುರು ಕಡೆಯಿಂದ ಕೆತ್ತುವನು. ಆದುದರಿಂದ ಒರಟು ಕೊರೆತವನ್ನು ಯಂತ್ರಕ್ಕೆ ಬಿಟ್ಟು, ಮುಖ, ಬೆರಳು, ಎಲೆಯಂಚುಗಳನ್ನು ಉಳಿಗೆ ಕಾಯ್ದಿಡುವ ಹಂಚಿಕೆಯೇ ಯುಕ್ತವೆಂದು ನನ್ನ ಮತ.

ಮರವನ್ನು ಗುರುತಿಸುವ ವಿಷಯದಲ್ಲಿಯೂ ಕೃತಕ ಬುದ್ಧಿಮತ್ತೆಯ ಶಾಸ್ತ್ರ ಮುಂದುವರಿದಿದೆ. ಅಮೆರಿಕದ ಮ್ಯಾಡಿಸನ್ನಿನ ಅರಣ್ಯೋತ್ಪನ್ನ ಪ್ರಯೋಗಾಲಯದಲ್ಲಿ ರೂಪುಗೊಂಡ ಕ್ಸೈಲೋಟ್ರಾನ್ ಎಂಬ ಉಪಕರಣವು, ಅಡ್ಡಲಾಗಿ ಕತ್ತರಿಸಿದ ಮರದ ತುದಿಯ ಸೂಕ್ಷ್ಮ ಚಿತ್ರವನ್ನು ನೋಡಿ ಜಾತಿಯನ್ನು ಹೇಳುವುದು. ಕಟ್ಟಿಗೆ ಅಡ್ಡೆಯಲ್ಲಿ ಸಾಗವಾನಿಯ ಹೆಸರಿನಲ್ಲಿ ಬೇರೊಂದನ್ನು ಕೊಂಡು ನಷ್ಟಪಟ್ಟವರಿಗೆ ಇದರ ಬೆಲೆ ತಿಳಿದೀತು. ಕಲಿಕೆಯ ಮಾತಿಗೆ ಬಂದರೆ, ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಆಧುನಿಕ ಮರಗೆಲಸದ ತರಬೇತಿಯನ್ನು ಕೊಡುತ್ತಿದೆಯಾದರೂ, ಈ ಸೀಮೆಯ ಮುಂಡರಗಿಯ ಹುಡುಗನಿಗೆ ಬೆಂಗಳೂರು ದೂರ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಭಾಷೆಯ ಪ್ರಶ್ನೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನುಡಿಯೇ ಕನ್ನಡದ ತಿರುಳೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಸಾರಿತು. ಆ ಪುಲಿಗೆರೆಯೇ ಇದೇ ಸೀಮೆಯ ಇಂದಿನ ಲಕ್ಷ್ಮೇಶ್ವರ. 2022ರಲ್ಲಿ ಉದ್ಘಾಟನೆಗೊಂಡ ಕೇಂದ್ರ ಸರಕಾರದ ಭಾಷಿಣಿ ಯೋಜನೆಯು ಭಾರತೀಯ ಭಾಷೆಗಳ ಮಾತನ್ನೂ ಬರಹವನ್ನೂ ಯಂತ್ರಕ್ಕೆ ತಿಳಿಯಪಡಿಸುವ ಉದ್ದೇಶದ್ದು. ಆದರೆ ಈ ಬಗೆಯ ಯಂತ್ರಗಳು ಕಲಿಯುವುದು ದಾಖಲಾದ ಮಾತಿನಿಂದ. ದಿಂಡು, ತಾಳು, ಈಸು, ಮೇಳಿ, ಬೆಣೆ, ಕೆಚ್ಚು ಎಂಬ ಬಡಿಗೇರನ ಮಾತುಗಳಾದರೋ ಬರಹಕ್ಕೆ ಇಳಿದುದು ಅತ್ಯಲ್ಪ. ತಿರುಳ್ಗನ್ನಡದ ನಾಡಿನ ಕುಶಲಿಯು ತನ್ನ ಹತ್ಯಾರದೊಡನೆ ಇಂಗ್ಲಿಷಿನಲ್ಲಿ ಮಾತನಾಡಬೇಕಾಗಿ ಬಂದರೆ ಅದಕ್ಕಿಂತ ವಿಷಾದಕರವಾದುದು ಬೇರೆ ಇಲ್ಲ. ಶಿರಹಟ್ಟಿಯ, ಮುಂಡರಗಿಯ ವೃದ್ಧ ಬಡಿಗೇರರ ಮುಂದೆ ಕುಳಿತು, ಅವರು ಕೂರಿಗೆ ಹೂಡುವಾಗ ಆಡುವ ಮಾತನ್ನೂ ಕೈಯ ಚಲನೆಯನ್ನೂ ದಾಖಲಿಸಿಕೊಳ್ಳುವ ಕೆಲಸ ಈಗಲೇ ಆಗಬೇಕು. ಏಕೆಂದರೆ ಟ್ರ್ಯಾಕ್ಟರಿನ ಕೂರಿಗೆ ಬಂದು, ಮರದ ಕೂರಿಗೆ ಅಟ್ಟವನ್ನೇರಿಯಾಗಿದೆ.

2023ರ ಸೆಪ್ಟೆಂಬರ್ 17ರಂದು ಕುಶಲಿಗಳಿಗಾಗಿ ಆರಂಭವಾದ ಕೇಂದ್ರ ಸರಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಮರಗೆಲಸವೂ ಒಂದು. ಐದರಿಂದ ಏಳು ದಿನಗಳ ಮೂಲ ತರಬೇತಿ, ಬಯಸಿದವರಿಗೆ 15 ದಿನ ಅಥವಾ ಅದಕ್ಕೂ ಹೆಚ್ಚಿನ ಮುಂದಿನ ತರಬೇತಿ, ಹತ್ಯಾರಕ್ಕೆಂದು 15,000 ರೂಪಾಯಿಗಳವರೆಗೆ ನೆರವು ಅದರಲ್ಲುಂಟು. ಆ ಮುಂದಿನ ತರಬೇತಿಯಲ್ಲಿ ಎರಡು ದಿನಗಳನ್ನಾದರೂ ನಕ್ಷೆ ತೆಗೆಯುವ ಈ ಹೊಸ ವಿದ್ಯೆಗೆ, ಕನ್ನಡದಲ್ಲಿಯೇ, ಮೀಸಲಿಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ಕೂರಿಗೆಯ ಕೆಲಸ ಮುಗಿದಾಗ ಬಡಿಗೇರನು ಅದನ್ನು ಅಂಗಳದ ಸಮನೆಲದ ಮೇಲೆ ನಿಲ್ಲಿಸಿ, ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ತಾಳುಗಳ ಸಾಲನ್ನು ನೋಡುವನು. ಒಂದು ತಾಳು ಜೋಳದ ಕಾಳಿನಷ್ಟು ಹಿಂದೆ ಸರಿದಿದ್ದರೆ, ದಿಂಡಿನ ತೂತಿಗೆ ಜಾಲಿಯ ತೆಳುಬೆಣೆಯೊಂದನ್ನಿಟ್ಟು, ಕೊಡತಿಯಿಂದ ಎರಡು ಪೆಟ್ಟು ಕೊಟ್ಟು, ಮತ್ತೆ ಕಣ್ಣು ಮುಚ್ಚಿ ನೋಡುವನು.