ಬೀದರಿನ ನೆರಳು, ಬೆಂಗಳೂರಿನ ನೆರಳು

ಬೀದರ್ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಹಾಗಾಗಿ ಸೂರ್ಯನ ಲೆಕ್ಕದ ನಡುಮಧ್ಯಾಹ್ನ ಎರಡೂ ಊರಿಗೆ ಒಟ್ಟಿಗೇ ಬರುತ್ತದೆ. ಅರ್ಧ ನಿಮಿಷದ ಅಂತರವೂ ಇರುವುದಿಲ್ಲ. ನಕಾಶೆಯ ಈ ಅನುಕೂಲವನ್ನು ಬಳಸಿಕೊಂಡು ಐದು, ಆರನೇ ತರಗತಿಯ ಮಕ್ಕಳು ಭೂಮಿಯ ಸುತ್ತಳತೆಯನ್ನೇ ಅಳೆಯಬಹುದು. ಅದಕ್ಕೆ ಬೇಕಾಗುವುದು ಎರಡು ಶಾಲೆ, ಎರಡು ಕೋಲು, ಎರಡೂ ಕಡೆಯವರು ಏಕಕಾಲಕ್ಕೆ ತುಂಬಬಹುದಾದ ಒಂದು ಆನ್‌ಲೈನ್ ಹಾಳೆ.

ಮಾರ್ಚ್ 21ರ ಆಸುಪಾಸು, ಗಡಿಯಾರ 12 ಗಂಟೆ 27 ನಿಮಿಷದ ಹತ್ತಿರ ಇರುವಾಗ, ಬೆಂಗಳೂರಿನಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಮೀಟರ್ ಕೋಲಿನ ನೆರಳು 23 ಸೆಂಟಿಮೀಟರ್ ಬೀಳುತ್ತದೆ. ಬೀದರಿನಲ್ಲಿ ಅದು 32 ದಾಟುತ್ತದೆ. ಕೋಲು ಮತ್ತು ನೆರಳಿನ ತ್ರಿಕೋನವನ್ನು ಗ್ರಾಫ್ ಹಾಳೆಯ ಮೇಲೆ ಬರೆದು ಕೋಲಿನ ತುದಿಯಲ್ಲಿ ಕೋನಮಾಪಕ ಇಟ್ಟರೆ ಒಂದು ಕಡೆ 13 ಡಿಗ್ರಿ, ಇನ್ನೊಂದು ಕಡೆ 18. ಅಂತರ 5 ಡಿಗ್ರಿ, ಅಂದರೆ ಪೂರ್ಣ ವೃತ್ತದ 72ನೇ ಒಂದು ಭಾಗ. ಊರುಗಳ ನಡುವಿನ ನೇರ ದೂರ ಸುಮಾರು 550 ಕಿಲೋಮೀಟರ್. 72ರಿಂದ ಗುಣಿಸಿದರೆ 39,600. ಭೂಮಿಯ ನಿಜವಾದ ಸುತ್ತಳತೆ 40,000ದ ಹತ್ತಿರ. ಬಸ್ಸಿನ ದಾರಿಯ ಲೆಕ್ಕ ಹಿಡಿದು 700 ಎಂದು ಬರೆದರೆ ಮಾತ್ರ ಭೂಮಿ 50,000 ಕಿಲೋಮೀಟರಿಗೆ ಉಬ್ಬುತ್ತದೆ!

ಉಪಾಯ ಹಳೆಯದು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನ ಅಲೆಕ್ಸಾಂಡ್ರಿಯ ಮತ್ತು ಸೈಯೀನ್ ಊರುಗಳನ್ನು ಇಟ್ಟುಕೊಂಡು ಇದೇ ಲೆಕ್ಕ ಮಾಡಿದ್ದ. ಅವನಿಗೆ ಸಿಕ್ಕ ಅಂತರ ವೃತ್ತದ 50ನೇ ಒಂದು ಭಾಗ. ಅವನಿಗಿಲ್ಲದ ಒಂದು ಸೌಲಭ್ಯ ಇಂದಿನ ಮಕ್ಕಳಿಗಿದೆ: ದೂರದ ಊರಿನ ಅಳತೆ ಅದೇ ಗಳಿಗೆಯಲ್ಲಿ ಕಣ್ಣೆದುರು ಮೂಡುತ್ತದೆ.

ಇದಕ್ಕೆ ವಾಟ್ಸಾಪ್ ಗುಂಪು ಸಾಲದೇ ಎಂದು ಶಿಕ್ಷಕರು ಕೇಳಬಹುದು. ಸಾಲದು. ಗುಂಪಿನಲ್ಲಿ ಹಾಕಿದ ಅಳತೆ ಸಂಜೆಯೊಳಗೆ ಶುಭೋದಯ, ಹುಟ್ಟುಹಬ್ಬದ ಸಂದೇಶಗಳಡಿ ಹೂತುಹೋಗುತ್ತದೆ. ಗೂಗಲ್ ಶೀಟ್ಸ್‌ನಂಥ ಹಂಚಿಕೆಯ ಹಾಳೆಯಲ್ಲಾದರೆ ಎಲ್ಲ ತಂಡಗಳ ಅಂಕಿಗಳೂ ಅಕ್ಕಪಕ್ಕ ನಿಲ್ಲುತ್ತವೆ, ಸರಾಸರಿ ತಾನಾಗಿಯೇ ಬರುತ್ತದೆ. ಯಾರೋ ತುಂಟರು ಅಳಿಸಿಹಾಕಿದರೂ ಹಾಳೆಯ ಹಿಂದಿನ ರೂಪವನ್ನು ಮರಳಿ ತರಬಹುದು. ತಿದ್ದಲು ಅನುಮತಿ ಇರುವ ಲಿಂಕ್ ಕೊಟ್ಟರೆ ಮಕ್ಕಳು ಸ್ವಂತ ಖಾತೆ ತೆರೆಯಬೇಕಿಲ್ಲ. ಹಾಗೆ ಬಂದವರಿಗೆಲ್ಲ ಹಾಳೆ ಒಂದೊಂದು ಪ್ರಾಣಿಯ ಹೆಸರಿಡುತ್ತದೆ. ಮಕ್ಕಳಿಗೆ ಇದೊಂದು ದೊಡ್ಡ ಮೋಜು.

ನಿಜವಾದ ಪಾಠ ಶುರುವಾಗುವುದು ಅಂಕಿಗಳು ಜಗಳಕ್ಕೆ ಬಿದ್ದಾಗ. ಕೋನದ ಅಂತರ 5ರ ಬದಲು 6 ಬಂದರೆ ಭೂಮಿ 33,000 ಕಿಲೋಮೀಟರಿಗೆ ಕುಗ್ಗುತ್ತದೆ, 4 ಬಂದರೆ 49,500ಕ್ಕೆ ಹಿಗ್ಗುತ್ತದೆ. ಒಂದೇ ಡಿಗ್ರಿಯ ಕರಾಮತ್ತು! ಆಗ ಪ್ರಶ್ನೆಗಳು ಏಳುತ್ತವೆ. ಕೋಲು ವಾಲಿತ್ತೇ? ನೆಲ ಇಳಿಜಾರಾಗಿತ್ತೇ? ಯಾರಾದರೂ ಇಂಚಿನಲ್ಲಿ ಅಳೆದರೇ? ಒಂದೇ ತರಗತಿಯೊಳಗೆ ನಡೆಯುವ ಪ್ರಯೋಗದಲ್ಲಿ ಪುಸ್ತಕದ ಉತ್ತರಕ್ಕೆ ಅಂಕಿಯನ್ನು ಹೊಂದಿಸಿಬಿಡುವ ಆಸೆ ಇರುತ್ತದೆ. ಐನೂರೈವತ್ತು ಕಿಲೋಮೀಟರ್ ಆಚೆಯ ತಂಡವೊಂದು ಅದೇ ಸಾಲನ್ನು ನೋಡುತ್ತಿರುವಾಗ ಆ ಜಾಣತನ ನಡೆಯುವುದಿಲ್ಲ.

ಹೀಗೆ ಹಲವು ಶಾಲೆಗಳು ಸೇರಿ ಮಾಡುವ, ಒಂದು ದಿನದಲ್ಲಿ ಮುಗಿಯದ ಕೆಲಸಗಳೂ ಇವೆ. 2010ರ ಸುಮಾರಿಗೆ ಶುರುವಾದ ಸೀಸನ್‌ವಾಚ್ ಯೋಜನೆಯಲ್ಲಿ ಮಕ್ಕಳು ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ನೋಡುತ್ತಾರೆ: ಚಿಗುರು, ಹೂವು, ಕಾಯಿ, ಹಣ್ಣು ಇಲ್ಲವೇ, ಸ್ವಲ್ಪವೇ, ಹೆಚ್ಚೇ? ಇಷ್ಟನ್ನು ದಾಖಲಿಸಿದರೆ ಆಯಿತು. ಮಾವು, ಹಲಸು, ಹುಣಸೆ, ಕಕ್ಕೆ, ಎಲ್ಲವೂ ಶಾಲೆಯ ಆಸುಪಾಸಿನ ಮರಗಳೇ. ಕೇರಳದ ಶಾಲೆಗಳು ಇದರಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರಿವೆ. ಏಪ್ರಿಲ್ ನಡುವಿನ ವಿಷು ಹಬ್ಬಕ್ಕೆ ಬೇಕಾದ ಕಕ್ಕೆ ಹೂವು ಈಗ ಯಾವಾಗ ಅರಳುತ್ತಿದೆ ಎಂಬ ಪ್ರಶ್ನೆಗೆ ಒಂದು ಮರ ನೋಡಿ ಉತ್ತರ ಹೇಳಲಾಗದು. ಊರೂರಿನ ದಾಖಲೆ ಬೇಕು.

ಹಾಗೆಂದು ಪ್ರತಿ ಮಗುವಿನ ಕೈಗೂ ಟ್ಯಾಬ್ ಕೊಡಬೇಕೆಂದೇನಿಲ್ಲ. ಶಿಕ್ಷಕರ ಒಂದು ಫೋನು ಸಾಕು. ಅಂಗಳದಲ್ಲಿ ಅಳತೆ, ನೋಟ್‌ಬುಕ್ಕಿನಲ್ಲಿ ಬರಹ, ಕೊನೆಗೆ ಐದು ನಿಮಿಷ ಪರದೆ. ಹಾಳೆಯಲ್ಲಿ ಮಕ್ಕಳ ಹೆಸರು, ಫೋಟೊ ಹಾಕದೆ ತಂಡದ ಹೆಸರಷ್ಟೇ ಇಡುವುದು ಕ್ಷೇಮ.

ಇನ್ನು ದಿನದ ಆಯ್ಕೆ. ಮಾರ್ಚ್ ಬಂತೆಂದರೆ ಪರೀಕ್ಷೆಯ ಗಡಿಬಿಡಿ. ಆದರೆ ನೆರಳಿನ ಪ್ರಯೋಗಕ್ಕೆ ಹಗಲು ರಾತ್ರಿ ಸಮವಾಗುವ ವಿಷುವ ದಿನವೇ ಆಗಬೇಕೆಂದಿಲ್ಲ. ಎರಡೂ ಕಡೆ ಒಂದೇ ದಿನ ಅಳೆದರೆ ಅಂತರ ಅದೇ 5 ಡಿಗ್ರಿ. ಆಗಸ್ಟ್ ಮೊದಲ ವಾರಗಳಲ್ಲಂತೂ ನಡುಮಧ್ಯಾಹ್ನದ ಸೂರ್ಯ ಈ ಎರಡು ಊರುಗಳ ನಡುವಿನ ಜಾಗದ ನೆತ್ತಿಯ ಮೇಲೆ ಇರುವುದರಿಂದ ಬೀದರಿನ ನೆರಳು ಉತ್ತರಕ್ಕೂ ಬೆಂಗಳೂರಿನದು ದಕ್ಷಿಣಕ್ಕೂ ಬೀಳುತ್ತದೆ. ಆಗ ಕೋನಗಳನ್ನು ಕಳೆಯದೆ ಕೂಡಿಸಬೇಕು. ಮಳೆಗಾಲದ ಆ ದಿನಗಳಲ್ಲಿ ಬಿಸಿಲು ಸಿಗದಿದ್ದರೆ ಹಾಳೆಯಲ್ಲಿ ‘ಮೋಡ’ ಎಂದು ಬರೆದು, 1995ರಿಂದ ನಡೆಯುತ್ತಿರುವ ಗ್ಲೋಬ್ ಎಂಬ ಅಂತರರಾಷ್ಟ್ರೀಯ ಶಾಲಾ ಯೋಜನೆಯ ಕಡೆ ತಿರುಗಬಹುದು. ಅಲ್ಲಿ ಮಕ್ಕಳು ಕೆಳಗಿನಿಂದ ನೋಡಿ ದಾಖಲಿಸಿದ ಮೋಡಗಳನ್ನು ಉಪಗ್ರಹಗಳು ಮೇಲಿನಿಂದ ಕಂಡ ಮೋಡಗಳ ಜೊತೆ ಹೋಲಿಸುತ್ತಾರೆ.