ಪರದೆಯ ಲಯ, ಚಿತ್ರದ ಲಯ

ಉಗಾರ ಮತ್ತು ಕುಡಚಿ ನಿಲ್ದಾಣಗಳ ನಡುವೆ ಮೀರಜ್–ಲೋಂಡಾ ರೈಲುಮಾರ್ಗವು ಕೃಷ್ಣಾ ನದಿಯನ್ನು ದಾಟುತ್ತದೆ. ಸೇತುವೆಯ ಮೇಲೆ ಸಮವೇಗದಲ್ಲಿ ಸಾಗುವ ರೈಲನ್ನು ದಡದಲ್ಲಿ ನಿಂತು ಚಿತ್ರೀಕರಿಸಿ, ರಾಯಬಾಗದ ಒಂದು ಪ್ರೌಢಶಾಲೆಯಲ್ಲಿ ಪ್ರೊಜೆಕ್ಟರ್ ಮೂಲಕ ತೋರಿಸಲಾಗುತ್ತಿದೆ ಎಂದು ಭಾವಿಸೋಣ. ಪಾಠದ ವಿಷಯ ಏಕರೂಪ ಚಲನೆ. ಆದರೆ ಪರದೆಯ ಮೇಲೆ ರೈಲು ಒಂದೇ ಸಮನೆ ಸಾಗುವುದಿಲ್ಲ. ತುಸು ನಿಂತು, ತುಸು ಜಿಗಿದು, ತಡವರಿಸುತ್ತಾ ಸಾಗುತ್ತದೆ. ಸಮಾನ ಕಾಲದಲ್ಲಿ ಸಮಾನ ದೂರ ಎಂದು ಶಿಕ್ಷಕರು ಹೇಳುತ್ತಿದ್ದರೆ, ಮಕ್ಕಳ ಕಣ್ಣಿಗೆ ಬೇರೆಯೇ ಕಾಣುತ್ತಿದೆ. ಇಲ್ಲಿ ತಪ್ಪು ರೈಲಿನದಲ್ಲ, ಕ್ಯಾಮೆರಾದ್ದೂ ಅಲ್ಲ. ಹಾಗಾದರೆ ಯಾರದು?

ಎರಡು ಬೇರೆ ಬೇರೆ ಲಯಗಳು

ಚಲಚ್ಚಿತ್ರವೆಂಬುದು ಸ್ಥಿರಚಿತ್ರಗಳ ಸರಣಿ. ಒಂದೊಂದು ಸ್ಥಿರಚಿತ್ರವನ್ನು ಫ್ರೇಮ್ ಎನ್ನುತ್ತಾರೆ. ಸೆಕೆಂಡಿಗೆ ಎಷ್ಟು ಫ್ರೇಮ್‌ಗಳಿವೆ ಎಂಬುದೇ ಫ್ರೇಮ್ ದರ. ಇದು ಚಿತ್ರೀಕರಣದ ಹೊತ್ತಿನಲ್ಲೇ ನಿಶ್ಚಯವಾಗುತ್ತದೆ.

ಪರದೆಗೂ ತನ್ನದೇ ಒಂದು ಲಯವಿದೆ. ಅದು ಸೆಕೆಂಡಿಗೆ ಇಂತಿಷ್ಟು ಬಾರಿ ತನ್ನ ಮೇಲಿನ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಇದೇ ರಿಫ್ರೆಶ್ ದರ. ಇದನ್ನು ಹರ್ಟ್ಸ್‌ಗಳಲ್ಲಿ ಹೇಳುತ್ತಾರೆ. ನಮ್ಮ ಹೆಚ್ಚಿನ ಕಂಪ್ಯೂಟರ್ ಮತ್ತು ಪ್ರೊಜೆಕ್ಟರ್‌ಗಳಲ್ಲಿ ಈ ದರ 60 ಹರ್ಟ್ಸ್.

ಒಂದು ಫ್ರೇಮ್ ಪರದೆಗೆ ಬಂದರೆ ಅದು ಪೂರ್ಣಸಂಖ್ಯೆಯಷ್ಟು ಸರದಿಗಳ ಕಾಲ ನಿಲ್ಲಲೇಬೇಕು. ಎರಡು ಸರದಿ ನಿಲ್ಲಬಹುದು, ಮೂರು ಸರದಿ ನಿಲ್ಲಬಹುದು. ಎರಡೂವರೆ ಸರದಿ ನಿಲ್ಲಲು ಸಾಧ್ಯವಿಲ್ಲ. ತಡವರಿಕೆಯ ಮೂಲ ಇರುವುದು ಇಲ್ಲಿಯೇ.

ಭಾಗಾಕಾರದ ಶೇಷ

ರೈಲಿನ ಚಿತ್ರ ಸೆಕೆಂಡಿಗೆ 30 ಫ್ರೇಮ್‌ಗಳದಾಗಿದ್ದರೆ ತೊಂದರೆ ಇಲ್ಲ. 60ನ್ನು 30ರಿಂದ ಭಾಗಿಸಿದರೆ 2. ಪ್ರತಿ ಫ್ರೇಮ್ ಎರಡು ಸರದಿ, ಅಂದರೆ 33.3 ಮಿಲಿಸೆಕೆಂಡ್ ನಿಲ್ಲುತ್ತದೆ. ಚಲನೆ ಸಮವಾಗಿ ಕಾಣುತ್ತದೆ.

ಸಿನಿಮಾದಂತೆ 24 ಫ್ರೇಮ್‌ಗಳಿದ್ದರೆ? 60ನ್ನು 24ರಿಂದ ಭಾಗಿಸಿದರೆ 2.5. ಆಗ ಒಂದು ಫ್ರೇಮ್ ಮೂರು ಸರದಿ, ಮುಂದಿನದು ಎರಡು ಸರದಿ ನಿಲ್ಲುತ್ತದೆ. ಒಂದಕ್ಕೆ 50 ಮಿಲಿಸೆಕೆಂಡ್, ಇನ್ನೊಂದಕ್ಕೆ 33.3. ನಿಜಕ್ಕೂ ಪ್ರತಿಯೊಂದೂ 41.7 ಮಿಲಿಸೆಕೆಂಡ್ ನಿಲ್ಲಬೇಕಿತ್ತು.

ನಮ್ಮ ದೂರದರ್ಶನದ ಪದ್ಧತಿಯಂತೆ 25 ಫ್ರೇಮ್‌ಗಳಿದ್ದರೆ ಭಾಗಲಬ್ಧ 2.4. ಐದು ಫ್ರೇಮ್‌ಗಳನ್ನು 12 ಸರದಿಗಳಿಗೆ ಹಂಚಬೇಕು. ಹಂಚಿಕೆ 3, 2, 3, 2, 2 ಎಂದಾಗುತ್ತದೆ. ಈ ಕುಂಟುನಡೆ ಸೆಕೆಂಡಿಗೆ ಐದು ಬಾರಿ ಮರುಕಳಿಸುತ್ತದೆ.

ಈ ವ್ಯತ್ಯಾಸ ನಿಂತ ದೃಶ್ಯದಲ್ಲಿ ತಿಳಿಯುವುದಿಲ್ಲ. ರೈಲು, ಲೋಲಕ, ಪರದೆಯ ಕೆಳಗೆ ಸರಿಯುವ ಅಕ್ಷರಗಳು, ಇಂತಹ ಸಮಚಲನೆಯಲ್ಲಿ ಮಾತ್ರ ಎದ್ದು ಕಾಣುತ್ತದೆ. 1920 ಬಿಂದುಗಳ ಅಗಲದ ಪರದೆಯನ್ನು ರೈಲಿನ ಎಂಜಿನ್ 4 ಸೆಕೆಂಡುಗಳಲ್ಲಿ ದಾಟಿದರೆ, 24 ಫ್ರೇಮ್‌ಗಳ ಚಿತ್ರದಲ್ಲಿ ಅದು ಪ್ರತಿ ಫ್ರೇಮಿಗೆ 20 ಬಿಂದು ಮುಂದೆ ಹೋಗುತ್ತದೆ. ಜಿಗಿತ ಸಮ, ಆದರೆ ಜಿಗಿತಗಳ ನಡುವಿನ ಕಾಲ ಅಸಮ. ಕಣ್ಣು ಎಂಜಿನ್ನನ್ನು ಸಮವೇಗದಲ್ಲಿ ಹಿಂಬಾಲಿಸುವುದರಿಂದ ಈ ಅಸಮತೆ ನಡುಕವಾಗಿ ತೋರುತ್ತದೆ.

ಈ ಸಂಖ್ಯೆಗಳು ಬಂದದ್ದೆಲ್ಲಿಂದ?

1920ರ ದಶಕದ ಕೊನೆಯಲ್ಲಿ ಮಾತಿನ ಚಿತ್ರಗಳು ಬಂದಾಗ ಸಿನಿಮಾಕ್ಕೆ 24 ಫ್ರೇಮ್‌ಗಳ ದರ ನೆಲೆಗೊಂಡಿತು. ಟಿ.ವಿ.ಯ ದರವನ್ನು ಆಯಾ ದೇಶದ ವಿದ್ಯುತ್ತಿನ ಆವೃತ್ತಿಗೆ ಹೊಂದಿಸಿದರು. ಇಲ್ಲದಿದ್ದರೆ ಆ ಕಾಲದ ಟಿ.ವಿ.ಗಳಲ್ಲಿ ಪಟ್ಟೆಗಳು ತೇಲುತ್ತಿದ್ದವು. ಅಮೆರಿಕದಲ್ಲಿ ವಿದ್ಯುತ್ತು 60 ಹರ್ಟ್ಸ್, ಆದ್ದರಿಂದ 30 ಫ್ರೇಮ್. ಭಾರತದಲ್ಲಿ 50 ಹರ್ಟ್ಸ್, ಆದ್ದರಿಂದ 25 ಫ್ರೇಮ್. 1975–76ರ ಉಪಗ್ರಹ ಟಿ.ವಿ. ಪ್ರಯೋಗದಲ್ಲಿ ಅಥಣಿಯ ನೆರೆಯ ವಿಜಾಪುರ ಜಿಲ್ಲೆಯ ಹಳ್ಳಿಗಳು ನೋಡಿದ್ದು ಈ ಪದ್ಧತಿಯ ಚಿತ್ರವನ್ನೇ. ಇಂದಿನ ಪರದೆಗಳಿಗೆ ವಿದ್ಯುತ್ತಿನ ಆವೃತ್ತಿಯ ಹಂಗಿಲ್ಲ. ಹಳೆಯ ಸಂಖ್ಯೆಗಳು ಮಾತ್ರ ಉಳಿದುಕೊಂಡಿವೆ.

ಹೀಗಾಗಿ ನಿಪ್ಪಾಣಿಯ ಒಂದೇ ಮನೆಯ ಪರದೆಗೆ 24ರ ಸಿನಿಮಾ, 25ರ ಕನ್ನಡ ಮತ್ತು ಮರಾಠಿ ವಾಹಿನಿಗಳು, ಸುಮಾರು 30ರ ಮೊಬೈಲ್ ಚಿತ್ರ ಎಲ್ಲವೂ ಬರುತ್ತವೆ. ಎಲ್ಲಕ್ಕೂ ಹೊಂದುವ ಒಂದೇ ದರ ಬೇಕೆಂದರೆ 24, 25 ಮತ್ತು 30ರ ಲ.ಸಾ.ಅ. ಕಂಡುಹಿಡಿಯಬೇಕು. ಅದು 600. ಮನೆಯ ಪರದೆಗಳು ಆ ದರದಲ್ಲಿ ಚಿತ್ರ ಬದಲಿಸುವುದಿಲ್ಲ. 120 ಹರ್ಟ್ಸ್‌ನ ಪರದೆ 24 ಮತ್ತು 30ಕ್ಕೆ ಸರಿಹೊಂದುತ್ತದೆ, ಆದರೆ 25ಕ್ಕೆ ಇಲ್ಲ.

ಹತ್ತಿರವಿದ್ದರೆ ಸಾಲದು

ದರಗಳು ಬಹುತೇಕ ಒಂದೇ ಆಗಿದ್ದರೆ ಸಾಲದೇ? ಗಡಿಭಾಗದ ವಿದ್ಯುತ್ ಜಾಲವೇ ಇದಕ್ಕೆ ಒಳ್ಳೆಯ ಉದಾಹರಣೆ. ಕಾಗವಾಡದ ವಿದ್ಯುತ್ತು ದಕ್ಷಿಣ ವಲಯದ ಜಾಲದ್ದು, ಪಕ್ಕದ ಮೀರಜಿನದು ಪಶ್ಚಿಮ ವಲಯದ್ದು. ಎರಡೂ ಹೆಸರಿಗೆ 50 ಹರ್ಟ್ಸ್. ಆದರೆ 2013ರ ಕೊನೆಯವರೆಗೆ ಅವು ಒಂದೇ ಲಯಕ್ಕೆ ಬಿಗಿದ ಜಾಲಗಳಾಗಿರಲಿಲ್ಲ. ಒಂದರ ಆವೃತ್ತಿ 50.0, ಇನ್ನೊಂದರದು 49.9 ಎಂದಿಟ್ಟುಕೊಳ್ಳಿ. ಪ್ರತಿ 10 ಸೆಕೆಂಡಿಗೆ ಒಂದು ಇನ್ನೊಂದಕ್ಕಿಂತ ಒಂದು ಪೂರ್ಣ ಆವರ್ತ ಹಿಂದೆ ಬೀಳುತ್ತದೆ. ಇಂತಹ ಜಾಲಗಳನ್ನು ನೇರವಾಗಿ ಜೋಡಿಸಲಾಗದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣ ಜಾಲವನ್ನು ದೇಶದ ಉಳಿದ ಜಾಲದೊಡನೆ ಒಂದೇ ಲಯದಲ್ಲಿ ಕೂಡಿಸಲಾಯಿತು. ಕೊಲ್ಹಾಪುರ–ಚಿಕ್ಕೋಡಿ ನಡುವಿನ 220 ಕಿಲೋವೋಲ್ಟ್ ಮಾರ್ಗವೂ ಈ ಎರಡು ವಲಯಗಳ ಕೊಂಡಿಗಳಲ್ಲೊಂದು.

ಚಿತ್ರದಲ್ಲಿಯೂ ಹೀಗೆಯೇ. ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟಿ.ವಿ.ಗೆಂದು ದರವನ್ನು ಸಾವಿರಕ್ಕೆ ಒಂದರಷ್ಟು ತಗ್ಗಿಸಿದರು. ಅದರ ಪರಿಣಾಮವಾಗಿ ಇಂದಿಗೂ ಅನೇಕ ಚಿತ್ರಗಳ ದರ 24 ಅಲ್ಲ, 23.976. ಅದನ್ನು ಸರಿಯಾಗಿ 24 ಹರ್ಟ್ಸ್‌ನ ಪರದೆಯಲ್ಲಿ ತೋರಿಸಿದರೆ ಸುಮಾರು 41.7 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಬಾರಿ ಬಂದು, ಚಿತ್ರ ಒಮ್ಮೆ ಮುಗ್ಗರಿಸುತ್ತದೆ.

ಪರಿಹಾರವೇನು?

ಚಿತ್ರದ ದರವನ್ನು ಬದಲಿಸುವುದು ಒಂದು ದಾರಿ. 24ರ ಸಿನಿಮಾವನ್ನು 25ರ ದರದಲ್ಲಿ ಓಡಿಸಿದರೆ 50 ಹರ್ಟ್ಸ್ ಪರದೆಗೆ ಹೊಂದುತ್ತದೆ. ಆದರೆ 150 ನಿಮಿಷದ ಸಿನಿಮಾ 144 ನಿಮಿಷಕ್ಕೇ ಮುಗಿಯುತ್ತದೆ. ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಏರುತ್ತದೆ. ಕಾಲವನ್ನು ಅಳೆಯುವ ವಿಜ್ಞಾನ ಪಾಠಕ್ಕೆ ಇದು ತರವಲ್ಲ.

ಕೆಲವು ಟಿ.ವಿ.ಗಳು ಎರಡು ಫ್ರೇಮ್‌ಗಳ ನಡುವೆ ಊಹೆಯ ಫ್ರೇಮ್‌ಗಳನ್ನು ತಾವೇ ರಚಿಸಿ ಸೇರಿಸುತ್ತವೆ. ನೋಡಲು ನುಣುಪು. ಆದರೆ ಆ ಸ್ಥಾನಗಳಲ್ಲಿ ವಸ್ತುವನ್ನು ಕ್ಯಾಮೆರಾ ಕಂಡೇ ಇಲ್ಲ. ಇಂತಹ ಪರದೆಯಿಂದ ಅಳತೆ ತೆಗೆಯಬಾರದು.

ಪರದೆಯ ದರವನ್ನೇ ಚಿತ್ರಕ್ಕೆ ಹೊಂದಿಸುವುದು ಸರಳವೂ ಪ್ರಾಮಾಣಿಕವೂ ಆದ ದಾರಿ. ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ಕಂಟ್ರೋಲ್ ಮತ್ತು ಜೆ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರದ ಫ್ರೇಮ್ ದರ ಕಾಣುತ್ತದೆ. ಬಳಿಕ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ದರವನ್ನು ಅದರ ಪೂರ್ಣ ಗುಣಕಕ್ಕೆ ಬದಲಿಸಬಹುದು. 25ರ ಚಿತ್ರಕ್ಕೆ 50, 30ರ ಚಿತ್ರಕ್ಕೆ 60, 24ರ ಚಿತ್ರಕ್ಕೆ 24, 48 ಅಥವಾ 120. ಪ್ರೊಜೆಕ್ಟರ್ ಒಪ್ಪುವ ದರಗಳಷ್ಟೇ ಪಟ್ಟಿಯಲ್ಲಿ ಕಾಣುತ್ತವೆ. ಕೆಲವು ಟಿ.ವಿ. ಪೆಟ್ಟಿಗೆಗಳೂ ಕೋಡಿಯಂತಹ ತಂತ್ರಾಂಶಗಳೂ ಈ ಬದಲಾವಣೆಯನ್ನು ತಾವೇ ಮಾಡಬಲ್ಲವು. ಮುಂದಿನ ಫ್ರೇಮ್ ಬರುವವರೆಗೆ ಕಾಯಬಲ್ಲ, ಬದಲಾಗುವ ದರದ ಪರದೆಗಳೂ ಈಗ ಇವೆ.

ತರಗತಿಯಲ್ಲಿ ಮಾಡಿ ನೋಡಿ

1ರಿಂದ 5ರವರೆಗೆ ಅಂಕಿ ಬರೆದ ಕಾರ್ಡುಗಳನ್ನು ಒಬ್ಬ ವಿದ್ಯಾರ್ಥಿಗೆ ಕೊಡಿ. ಇನ್ನೊಬ್ಬರು ಸಮ ಅಂತರದಲ್ಲಿ 12 ಬಾರಿ ಚಪ್ಪಾಳೆ ತಟ್ಟಲಿ. ಚಪ್ಪಾಳೆ ಬಿದ್ದಾಗ ಮಾತ್ರ ಕಾರ್ಡು ಬದಲಿಸಬಹುದು, ಐದೂ ಕಾರ್ಡುಗಳು 12 ಚಪ್ಪಾಳೆಗಳಲ್ಲಿ ಮುಗಿಯಬೇಕು. ಎಲ್ಲ ಕಾರ್ಡುಗಳನ್ನೂ ಸಮಾನ ಕಾಲ ತೋರಿಸಲು ಏಕೆ ಆಗದೆಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಚಪ್ಪಾಳೆಗಳನ್ನು 10ಕ್ಕೆ ಇಳಿಸಿದರೆ ತೊಡಕು ಮಾಯ.

ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಮೊಬೈಲ್ ಇದ್ದರೆ ಪರದೆಯನ್ನೇ ಪರೀಕ್ಷಿಸಬಹುದು. ಪ್ರತಿ ಫ್ರೇಮಿನಲ್ಲೂ ಅಂಕಿ ಬದಲಾಗುವ 24ರ ಚಿತ್ರವನ್ನು ಓಡಿಸಿ, ಪರದೆಯನ್ನು ಚಿತ್ರೀಕರಿಸಿ, ನಿಧಾನವಾಗಿ ಎಣಿಸಿ. ಒಂದು ಅಂಕಿ 12 ಫ್ರೇಮ್, ಮುಂದಿನದು 8 ಫ್ರೇಮ್ ನಿಂತರೆ ಪರದೆ 60 ಹರ್ಟ್ಸ್‌ನಲ್ಲಿದೆ. ಎಲ್ಲವೂ ಹತ್ತರ ಆಸುಪಾಸಿನಲ್ಲಿದ್ದರೆ ಹೊಂದಾಣಿಕೆ ಆಗಿದೆ. 50 ಹರ್ಟ್ಸ್ ಸಂಕೇತವನ್ನು ಪಡೆದು ಒಳಗೇ 60ಕ್ಕೆ ಪರಿವರ್ತಿಸುವ ಪ್ರೊಜೆಕ್ಟರ್‌ಗಳೂ ಇರುವುದರಿಂದ ಈ ಪರೀಕ್ಷೆ ಉಪಯುಕ್ತ.

ಎಲ್ಲ ತಡವರಿಕೆಗೂ ಇದೊಂದೇ ಕಾರಣವೆಂದು ತಿಳಿಯಬೇಡಿ. ನಿಧಾನದ ಕಂಪ್ಯೂಟರ್ ಫ್ರೇಮ್‌ಗಳನ್ನು ಬಿಟ್ಟುಬಿಡಬಹುದು; ಇಂಟರ್‌ನೆಟ್ ದುರ್ಬಲವಾಗಿದ್ದರೆ ಚಿತ್ರ ನಿಂತು ನಿಂತು ಬರಬಹುದು. ಅಂತಹ ತಡೆಗಳು ಅನಿಯತ. ದರದ ಹೊಂದಾಣಿಕೆ ತಪ್ಪಿದ ತಡವರಿಕೆ ಮಾತ್ರ ಗಡಿಯಾರದಂತೆ ನಿಯತವಾಗಿ ಮರುಕಳಿಸುತ್ತದೆ. ಚಲನೆಯ ಪಾಠಕ್ಕೆ ಮುನ್ನ ಚಿತ್ರದ ದರ ಮತ್ತು ಪರದೆಯ ದರ ಎರಡನ್ನೂ ಒಮ್ಮೆ ನೋಡಿ, ಭಾಗಿಸಿ. ಶೇಷ ಸೊನ್ನೆಯಾದರೆ ಕೃಷ್ಣಾ ಸೇತುವೆಯ ರೈಲು ತರಗತಿಯಲ್ಲಿಯೂ ಸಮವೇಗದಲ್ಲೇ ಸಾಗೀತು.